ನಿಯಮದೊಳಗಿನ ಪೆಟ್ಟು

ಐಸ್ ಹಾಕಿಯ ರಕ್ಷಣಾ ಆಟಗಾರ ಸ್ಕಾಟ್ ಸ್ಟೀವನ್ಸ್ ನಿವೃತ್ತರಾದದ್ದು 2005ರಲ್ಲಿ. ಅವರ ವಿಷಯದಲ್ಲಿ ಆ ಆಟದ ಅಭಿಮಾನಿಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ. ಒಂದು ಪಕ್ಷಕ್ಕೆ ಅವರು ಗಟ್ಟಿಗರಲ್ಲಿ ಗಟ್ಟಿಗ. ನಾಯಕನೆಂದರೆ ಹೀಗಿರಬೇಕು ಎಂಬುದಕ್ಕೆ ಮಾದರಿ. ಇನ್ನೊಂದು ಪಕ್ಷಕ್ಕೆ ಎದುರಾಳಿಗಳ ತಲೆಗೇ ಗುರಿಯಿಟ್ಟ ನಿರ್ದಯಿ. ದೂರದ ಯಾರದೋ ಜಗಳವೆಂದು ಇದನ್ನು ಪಕ್ಕಕ್ಕಿಡಲು ನಮಗೆ ಮನಸ್ಸಾಗಲಿಲ್ಲ. ನಿಯಮ ಮೀರದೆಯೇ ಆದ ಕೇಡಿಗೆ ಹೊಣೆ ಯಾರು ಎಂಬ ಪ್ರಶ್ನೆ ಅದರೊಳಗಿದೆ.

ನಮ್ಮ ಓದುಗರಲ್ಲಿ ಬಹುಮಂದಿಗೆ ಹಾಕಿ ಎಂದರೆ ಕೊಡಗಿನ ಮೈದಾನಗಳು, ಇಲ್ಲವೇ ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಕಂಡ ಪಂದ್ಯಗಳು. ಅಲ್ಲಿ ಭುಜದಿಂದ ಎದುರಾಳಿಯನ್ನು ತಳ್ಳಿದರೆ ಶಿಳ್ಳೆ ಮೊಳಗುತ್ತದೆ. ಮಂಜುಗಡ್ಡೆಯ ಮೇಲಿನ ಹಾಕಿಯ ಧರ್ಮವೇ ಬೇರೆ. ಅಲ್ಲಿ ಚೆಂಡಿನ ಬದಲು ಪಕ್ ಎಂಬ ಚಪ್ಪಟೆಯಾದ ಗಟ್ಟಿ ರಬ್ಬರಿನ ಬಿಲ್ಲೆ. ಅದು ಯಾರ ವಶದಲ್ಲಿದೆಯೋ ಅವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಕೆಡಹುವುದು ಆಟದ ಒಪ್ಪಿತ ಅಂಗ. ಇಬ್ಬರೂ ಸ್ಕೇಟುಗಳ ಮೇಲೆ ಜಾರುತ್ತ, ಓಟಗಾರರನ್ನು ಮೀರಿಸುವ ವೇಗದಲ್ಲಿ ಬರುತ್ತಾರೆ ಎಂಬುದನ್ನು ನೆನೆದರೆ ಆ ಗುದ್ದಿನ ತೂಕ ಎಷ್ಟೆಂದು ತಿಳಿದೀತು.

ಕೆನಡಾದ ಕಿಚನರ್ ಪಟ್ಟಣದಲ್ಲಿ 1964ರಲ್ಲಿ ಹುಟ್ಟಿದ ಸ್ಟೀವನ್ಸ್, ಹದಿನೆಂಟರ ಹರೆಯದಲ್ಲೇ ವಾಷಿಂಗ್ಟನ್ ತಂಡದ ಮೂಲಕ ನ್ಯಾಷನಲ್ ಹಾಕಿ ಲೀಗಿಗೆ ಬಂದರು. 1991ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಸೇರಿ, ಮರುವರ್ಷ ಅದರ ನಾಯಕರಾದರು. 1995, 2000, 2003ರಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಎತ್ತಿತು. 22 ಋತುಗಳಲ್ಲಿ ಅವರು ಆಡಿದ್ದು 1,635 ಪಂದ್ಯಗಳು. ಆ ಆಟದಲ್ಲಿ ಒಂದು ಲೆಕ್ಕ ಇಡುತ್ತಾರೆ: ಆಟಗಾರ ಅಂಗಳದಲ್ಲಿದ್ದಾಗ ಅವನ ತಂಡ ಹೊಡೆದ ಗೋಲುಗಳಿಂದ ಎದುರಾಳಿಗಳು ಹೊಡೆದ ಗೋಲುಗಳನ್ನು ಕಳೆಯುವುದು. ಸ್ಟೀವನ್ಸ್ ಅವರ ಈ ಲೆಕ್ಕ 22 ಋತುಗಳಲ್ಲಿ ಒಮ್ಮೆಯೂ ಸೊನ್ನೆಯಿಂದ ಕೆಳಗಿಳಿಯಲಿಲ್ಲ. 2007ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂತು. ಇಷ್ಟಾದರೂ ಅವರ ಹೆಸರೆತ್ತಿದೊಡನೆ ಜನರಿಗೆ ನೆನಪಾಗುವುದು ಈ ಅಂಕಿಗಳಲ್ಲ. 2000ದ ಮೇ 26ರ ಒಂದು ಕ್ಷಣ.

ಅಂದು ಫಿಲಡೆಲ್ಫಿಯಾದಲ್ಲಿ ಏಳನೆಯ, ನಿರ್ಣಾಯಕ ಪಂದ್ಯ. ಸರಣಿಯಲ್ಲಿ 3–1ರಿಂದ ಹಿಂದಿದ್ದ ನ್ಯೂಜೆರ್ಸಿ ಸಮ ಮಾಡಿಕೊಂಡಿತ್ತು. ಫಿಲಡೆಲ್ಫಿಯಾದ ಕಣ್ಮಣಿ ಎರಿಕ್ ಲಿಂಡ್ರಾಸ್, ಮಿದುಳಿಗೆ ಬಿದ್ದಿದ್ದ ಹಿಂದಿನ ಪೆಟ್ಟುಗಳಿಂದ ವಾರಗಟ್ಟಲೆ ಹೊರಗುಳಿದು, ಆರನೆಯ ಪಂದ್ಯಕ್ಕೆ ಮರಳಿದ್ದರು. ಅವರ ತಮ್ಮ ಬ್ರೆಟ್ ಇದೇ ಕಾರಣದಿಂದ 1996ರಲ್ಲಿ, ಇಪ್ಪತ್ತರ ಪ್ರಾಯದಲ್ಲೇ, ಆಟ ಬಿಟ್ಟಿದ್ದ. ಮೊದಲ ಅವಧಿಯಲ್ಲಿ ಲಿಂಡ್ರಾಸ್ ಪಕ್ಕನ್ನು ನಡೆಸುತ್ತ, ತಲೆ ತಗ್ಗಿಸಿ, ನೀಲಿ ಗೆರೆ ದಾಟಿ ಅಂಗಳದ ನಡುವಿಗೆ ತಿರುಗಿದರು. ಎದುರಿನಿಂದ ಬಂದ ಸ್ಟೀವನ್ಸ್ ಅವರ ಭುಜ ನೇರ ದವಡೆಗೆ ತಾಗಿತು. ಲಿಂಡ್ರಾಸ್ ಕುಸಿದರು. ತೀರ್ಪುಗಾರರು ದಂಡ ವಿಧಿಸಲಿಲ್ಲ. ಅಂದಿನ ನಿಯಮದಂತೆ ವಿಧಿಸಬೇಕಾಗಿಯೂ ಇರಲಿಲ್ಲ. ಪಂದ್ಯವನ್ನು ನ್ಯೂಜೆರ್ಸಿ 2–1ರಿಂದ ಗೆದ್ದಿತು, ಕಪ್ಪನ್ನೂ ಗೆದ್ದಿತು. ಆ ವರ್ಷದ ಪ್ಲೇಆಫ್‌ಗಳ ಶ್ರೇಷ್ಠ ಆಟಗಾರನ ಪ್ರಶಸ್ತಿ ಸ್ಟೀವನ್ಸ್ ಅವರಿಗೆ ಸಂದಿತು.

ಮಹಾಭಾರತದ ಗದಾಯುದ್ಧ ನಮಗೆ ನೆನಪಾಗುತ್ತದೆ. ರನ್ನನನ್ನು ಓದಿದ ನಾಡಿನವರಿಗೆ ಆ ಪ್ರಸಂಗವನ್ನು ಹೇಳಿಕೊಡಬೇಕಿಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದು ಭೀಮ ತೊಡೆ ಒಡೆದಾಗ ಬಲರಾಮ ಕೆರಳಿ ನೇಗಿಲು ಎತ್ತಿದನಂತೆ. ಬಲರಾಮನ ಸಿಟ್ಟಿಗೆ ನಿಲ್ಲಲೊಂದು ನೆಲೆ ಇತ್ತು: ನಿಯಮ ಮುರಿದಿತ್ತು. ಸ್ಟೀವನ್ಸ್ ವಿರೋಧಿಗಳಿಗೆ ಆ ನೆಲೆಯೂ ಇಲ್ಲ. ಮುರಿದದ್ದು ನಿಯಮವಲ್ಲ, ಮನುಷ್ಯ. ಅವರು ನೇಗಿಲು ಎತ್ತಬೇಕಾದದ್ದು ನಿಯಮದ ಮೇಲೆ. ಎತ್ತುತ್ತಿರುವುದು ಅದರೊಳಗೆ ಆಡಿದ ಒಬ್ಬನ ಮೇಲೆ.

ಹಾಗೆಂದು ಅಭಿಮಾನಿ ಪಕ್ಷದ ವಾದಗಳೆಲ್ಲ ನಮಗೆ ಒಪ್ಪಿಗೆಯಲ್ಲ. ಅವರ ಮೆಚ್ಚಿನ ಮಾತೊಂದಿದೆ: ತಲೆ ಎತ್ತಿ ಆಡಬೇಕಿತ್ತು. ಅಂಗಳದ ನಡುವೆ ತಲೆ ತಗ್ಗಿಸಬಾರದೆಂದು ಆ ಆಟದಲ್ಲಿ ಎಳೆಯರಿಗೆ ಕಲಿಸುವುದು ನಿಜ, ಅದು ಒಳ್ಳೆಯ ಪಾಠವೂ ಹೌದು. ಆದರೆ ಎಚ್ಚರಿಕೆಯ ಮಾತನ್ನು ಪೆಟ್ಟು ಬಿದ್ದ ಮೇಲೆ ಆಡಿದರೆ ಅದು ಆರೋಪವಾಗುತ್ತದೆ. ಮಾಳಿಗೆಯಿಂದ ಬಿದ್ದವನಿಗೆ ಮೆಟ್ಟಿಲು ಎಣಿಸಲಿಲ್ಲವೇ ಎಂದು ಕೇಳಿದಂತೆ.

ಸ್ಟೀವನ್ಸ್ ಅವರನ್ನು ಸಮರ್ಥಿಸಲು ನಾವೂ ಒಂದು ಸುಲಭದ ದಾರಿ ಹುಡುಕಿದ್ದುಂಟು. 1,635 ಪಂದ್ಯಗಳನ್ನು ಆಡಿದವರನ್ನು ಐದಾರು ಗುದ್ದುಗಳಿಂದ ಅಳೆಯುವುದೇಕೆ, ಅವನ್ನು ತೆಗೆದಿಟ್ಟರೂ ಅವರು ದೊಡ್ಡ ಆಟಗಾರರೇ ಅಲ್ಲವೇ ಎಂದು. ಯೋಚಿಸಿದಷ್ಟೂ ಈ ದಾರಿ ಮುಂದೆ ಹೋಗಲಿಲ್ಲ. ಆ ಗುದ್ದುಗಳು ಆಕಸ್ಮಿಕವಲ್ಲ. 1995ರ ಫೈನಲ್ಸ್‌ನಲ್ಲಿ ಡೆಟ್ರಾಯಿಟ್‌ನ ಸ್ಲಾವಾ ಕೊಜ್ಲೊವ್ ಅವರ ಗುದ್ದಿಗೆ ಉರುಳಿದ ಮೇಲೆ, ಅಂಗಳದ ನಡುವೆ ಬರುವ ಪ್ರತಿಯೊಬ್ಬ ಫಾರ್ವರ್ಡ್ ನಾಲ್ಕನೆಯ ನಂಬರಿನ ಅಂಗಿ ಎಲ್ಲಿದೆಯೆಂದು ಹುಡುಕಿದ್ದರೆ ಆಶ್ಚರ್ಯವಿಲ್ಲ. ಹುಡುಕುವವನು ಕ್ಷಣಮಾತ್ರ ತಡೆಯುತ್ತಾನೆ, ಅಂಚಿಗೆ ಸರಿಯುತ್ತಾನೆ. ಅಲ್ಲಿ ಅವನ ಆಟ ಅರ್ಧ ಸತ್ತಂತೆ. ಗುದ್ದದೆ ಇದ್ದ ನೂರಾರು ಪಂದ್ಯಗಳಲ್ಲೂ ಆ ಗುದ್ದಿನ ಭಯ ಸ್ಟೀವನ್ಸ್ ಪರವಾಗಿ ಕಾವಲು ಕಾಯುತ್ತಿತ್ತು. ಸದಾ ಸೊನ್ನೆಯ ಮೇಲಿದ್ದ ಆ ಲೆಕ್ಕದಲ್ಲಿ ಈ ಭಯದ ಪಾಲೂ ಸೇರಿದೆ. ಅದನ್ನು ಬೇರ್ಪಡಿಸಿ ಶುದ್ಧವಾದ ಹಿರಿಮೆಯೊಂದನ್ನು ಎತ್ತಿ ತೋರಿಸಲು ಆಗದು.

ಆದ್ದರಿಂದ ಅವರು ದೊಡ್ಡ ಆಟಗಾರರು, ಅವರ ದೊಡ್ಡತನದ ಬೆಲೆಯನ್ನು ಬೇರೆಯವರ ಮಿದುಳು ತೆತ್ತಿತು. ಈ ಎರಡನ್ನೂ ಒಟ್ಟಿಗೇ ಹೇಳಬೇಕು ಎಂಬುದು ನಮ್ಮ ನಿಲುವು. ಹಾಲ್ ಆಫ್ ಫೇಮ್‌ನಿಂದ ಅವರ ಹೆಸರು ಅಳಿಸಬೇಕೆನ್ನುವವರ ಜೊತೆಗೆ ನಾವಿಲ್ಲ. 2010ರ ಮಾರ್ಚಿನಲ್ಲಿ ಬೋಸ್ಟನ್‌ನ ಮಾರ್ಕ್ ಸವಾರ್ಡ್ ತಲೆಗೆ ಪೆಟ್ಟು ತಿಂದು ಬಿದ್ದ ಮೇಲೆ ಲೀಗಿಗೆ ಎಚ್ಚರವಾಯಿತು. ಪಕ್ಕದಿಂದ, ಕಾಣದ ಕಡೆಯಿಂದ ಬಂದು ತಲೆಗೇ ಗುದ್ದುವುದನ್ನು ನಿಷೇಧಿಸುವ 48ನೆಯ ನಿಯಮ ಆಗ ಬಂತು, ಮರುವರ್ಷ ಇನ್ನಷ್ಟು ಬಿಗಿಯಾಯಿತು. ಹತ್ತು ವರ್ಷ ತಡವಾಗಿ ಬಂದ ನಿಯಮವನ್ನು ಹಿಂದಕ್ಕೆ ಎಳೆದು 2000ದ ಆಟಗಾರನ ಕೊರಳಿಗೆ ಹಾಕುವುದು ನ್ಯಾಯವಲ್ಲ. ಆದರೆ ಆ ಹತ್ತು ವರ್ಷ ತಡ ಮಾಡಿದವರನ್ನು ಕೇಳಲೇಬೇಕು. ಲಿಂಡ್ರಾಸ್ ಸೋದರರ ಕತೆ ಲೀಗಿನ ಕಣ್ಣೆದುರೇ ನಡೆದಿತ್ತು. ಆಗ ಗುದ್ದುಗಳು ಮಾರಾಟದ ಸರಕು. ಡಾನ್ ಚೆರ್ರಿಯ ವಿಡಿಯೊಗಳು ವರ್ಷಕ್ಕೊಂದರಂತೆ ಅವನ್ನು ಪೋಣಿಸಿ ಮನೆಮನೆಗೆ ತಲುಪಿಸುತ್ತಿದ್ದವು. ಮಿದುಳಿನ ಪೆಟ್ಟಿನ ಅಪಾಯವನ್ನು ತಮಗೆ ತಿಳಿಸಲಿಲ್ಲವೆಂದು ಮುನ್ನೂರಕ್ಕೂ ಹೆಚ್ಚು ಮಾಜಿ ಆಟಗಾರರು ಹೂಡಿದ ದಾವೆ 2018ರಲ್ಲಿ ಸುಮಾರು 1.9 ಕೋಟಿ ಡಾಲರಿಗೆ ರಾಜಿಯಾಯಿತು. ತಪ್ಪು ತನ್ನದೆಂದು ಲೀಗ್ ಒಪ್ಪಿಕೊಳ್ಳಲಿಲ್ಲ.

ಸ್ಟೀವನ್ಸ್ ಅವರ ಆಟ ಮುಗಿದದ್ದೂ ಇದೇ ಕಾಯಿಲೆಯಿಂದ. 2004ರ ಜನವರಿಯಲ್ಲಿ ಮಿದುಳಿನ ಆಘಾತದ ಲಕ್ಷಣಗಳು ಕಾಣಿಸಿ ಹೊರಗುಳಿದವರು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಇದನ್ನು ಕರ್ಮಫಲವಾಗಿ ಕಾಣುವವರಿದ್ದಾರೆ. ಆ ಮಾತು ನಮಗೆ ಹಿಡಿಸದು. ಗುದ್ದಿದವನ ಮಿದುಳೂ ಗುದ್ದಿಸಿಕೊಂಡವನ ಮಿದುಳಿನಷ್ಟೇ ಮೆತ್ತಗೆ. ಅದರಲ್ಲಿ ಕರ್ಮವೇನೂ ಇಲ್ಲ.

ಇನ್ನು ಚಪ್ಪಾಳೆಯ ಮಾತು. ಕಬಡ್ಡಿಯಲ್ಲಿ ರಕ್ಷಕನೊಬ್ಬ ರೈಡರನನ್ನು ಭುಜದಿಂದ ಗುದ್ದಿ ಗೆರೆಯಾಚೆ ಎಸೆದಾಗ ನಾವೂ ಎದ್ದು ನಿಂತು ಕೂಗಿದ್ದೇವೆ. ಬಿದ್ದವನು ಎದ್ದನೋ ಇಲ್ಲವೋ ನೋಡುವ ಮೊದಲೇ. ಸ್ಟೀವನ್ಸ್ ಅವರ ದೃಶ್ಯಗಳಲ್ಲೂ ಹೀಗೆಯೇ. ಭುಜ ತಾಗುತ್ತದೆ, ಎದುರಾಳಿ ಬೀಳುತ್ತಾನೆ, ತುಣುಕು ಮುಗಿಯುತ್ತದೆ. ತುಸು ಮುಂದಕ್ಕೂ ನೋಡಬೇಕು. 2003ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ, ಪಕ್ ದಾಟಿಸಿದೊಡನೆ ಅವರ ಗುದ್ದು ತಿಂದ ಪಾಲ್ ಕರಿಯಾ ಅಂಗಾತ ಬಿದ್ದರು, ಅಲುಗಾಟವಿಲ್ಲ. ಕೊನೆಗೆ ಹೆಲ್ಮೆಟ್ಟಿನ ಪಾರದರ್ಶಕ ಮುಖಗವಸಿನ ಮೇಲೆ ಉಸಿರಿನ ಮಂಜು ಕಟ್ಟುವುದು ಕಾಣುತ್ತದೆ. ಅಂದೇ ಮರಳಿ ಬಂದು ಗೋಲು ಹೊಡೆದರೆಂದು ಎರಡೂ ಪಕ್ಷದವರು ಆ ಕತೆಯನ್ನು ಸಂಭ್ರಮದಿಂದ ಹೇಳುತ್ತಾರೆ. ಮಿದುಳಿನ ಪೆಟ್ಟುಗಳ ಕಾರಣದಿಂದಲೇ ಕರಿಯಾ 2011ರಲ್ಲಿ ಆಟ ಬಿಟ್ಟರು. ಲಿಂಡ್ರಾಸ್ ಫಿಲಡೆಲ್ಫಿಯಾದ ಅಂಗಿ ತೊಟ್ಟು ಇನ್ನೊಂದು ಲೀಗ್ ಪಂದ್ಯ ಆಡಲಿಲ್ಲ.