ಚರ್ಚೆಯ ಮೇಜಿಗೆ ಬಾರದ ಅಡಿಕೆ

ವಿದೇಶಿ ಶಾಸಕರು ಬೆಂಗಳೂರಿಗೆ ಬಂದರೆ ಉದ್ಯಮಿಗಳು ಅವರೊಡನೆ ಕುಳಿತು ಸುಂಕ, ವೀಸಾಗಳನ್ನು ಚರ್ಚಿಸುತ್ತಾರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ವಿದೇಶಾಂಗ ನೀತಿಯು ಅವರೊಬ್ಬರದೇ ಸ್ವತ್ತೆಂಬ ಭಾವನೆಯನ್ನು ಮಾತ್ರ ನಾವು ಒಪ್ಪಲಾರೆವು.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ತರಿಸಿಕೊಳ್ಳಲು ಅನುಮತಿಸಿತು. ನೆರೆಯವರೊಡನೆ ಸ್ನೇಹ ಬೇಕು, ನಿಜ. ಆದರೆ ಅದರ ಬೆಲೆ ತೆರಬೇಕಾದೀತೆಂದು ಅಂಜುವ ಗುಬ್ಬಿ, ಕುಣಿಗಲ್‌ನ ಬೆಳೆಗಾರನನ್ನು ಕೇಳಿದವರು ಯಾರು? ದೇಶದ ಒಟ್ಟು ಬೆಳೆಯೆದುರು ಅದು ಅತ್ಯಲ್ಪವೆನ್ನುತ್ತಾರೆ. ಅತ್ಯಲ್ಪವಾದರೆ ಕೇಳಲು ಸಂಕೋಚವೇಕೆ?

ಅತಿಥಿಗಳಿಗೆ ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಯನ್ನು ಧಾರಾಳವಾಗಿ ತೋರಿಸಲಿ. ತುಮಕೂರಿನ ಎಪಿಎಂಸಿ ಪ್ರಾಂಗಣಕ್ಕೂ ಕರೆತರಲಿ. ಅಲ್ಲಿ ಮೂಟೆಯ ಪಕ್ಕದಲ್ಲಿ ನಿಂತ ರೈತನಿಗೆ ಇಂಗ್ಲಿಷ್ ಬಾರದಿರಬಹುದು. ಆಮದು ಅಡಿಕೆಯು ತನ್ನ ದರವನ್ನು ಎಷ್ಟು ಇಳಿಸೀತೆಂಬ ಲೆಕ್ಕ ಚೆನ್ನಾಗಿ ಬರುತ್ತದೆ.