ಜೂಜಿನ ಕರೆಯೋಲೆ

ಮಹಾಭಾರತದ ದ್ಯೂತಪ್ರಸಂಗವನ್ನು ಓದಿದವರ ಕೋಪವೆಲ್ಲ ಶಕುನಿಯ ದಾಳಗಳ ಮೇಲೆಯೇ ಇರುತ್ತದೆ. ಆದರೆ ದಾಳ ಉರುಳುವುದಕ್ಕೆ ಮೊದಲು ಹಸ್ತಿನಾವತಿಯಿಂದ ಒಂದು ಕರೆ ಹೋಗಿತ್ತು. ಅದನ್ನು ಒಯ್ದವನು ಪಾಂಡವರು ಅತ್ಯಂತ ನಂಬಿದ್ದ ವಿದುರ. ಜೂಜು ಕೆಡುಕೆಂದು ಬಲ್ಲ ಧರ್ಮರಾಯನೇ ಆ ಕರೆಯನ್ನು ತಿರಸ್ಕರಿಸಲಾರದೆ ಹೋದ. ಹೀಗಿರುವಾಗ ಹತ್ತು ವರ್ಷದ ಬಾಲಕನಿಗೆ, ಅವನು ಆರಾಧಿಸುವ ಆಟಗಾರನ ಬಾಯಿಂದಲೇ ಅಂಥ ಕರೆಯನ್ನು ಕಳುಹಿಸುವವರನ್ನು ಏನೆನ್ನಬೇಕು?

ನಮ್ಮ ಕಾಲದಲ್ಲಿ ಜೂಜು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮಟ್ಕಾ ಚೀಟಿ ಬರೆಯುವವರು ಊರೂರಲ್ಲಿಯೂ ಇದ್ದರು. ಆದರೆ ಮೇಷ್ಟರು ಎದುರಾದರೆ ಚೀಟಿಯನ್ನು ಜೇಬಿಗಿಳಿಸುವಷ್ಟು ಸಂಕೋಚ ಅವರಲ್ಲಿತ್ತು. ಬಸ್ ನಿಲ್ದಾಣದ ಲಾಟರಿ ಅಂಗಡಿಗೆ ಆ ಸಂಕೋಚವೂ ಇರಲಿಲ್ಲ, ಸರ್ಕಾರದ ಮುದ್ರೆಯೇ ಇತ್ತಲ್ಲ! ದಿನಗೂಲಿ ಒಂದಂಕಿ ಲಾಟರಿಯಲ್ಲಿ ಕರಗಿಹೋಗುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲಿಯೇ ಕಂಡವರು. 2007ರಲ್ಲಿ ನಮ್ಮ ರಾಜ್ಯ ಲಾಟರಿಯನ್ನು ನಿಷೇಧಿಸಿತು. ಆದರೂ ಆ ಅಂಗಡಿಗೆ ಮನುಷ್ಯ ತಾನೇ ನಡೆದು ಹೋಗಬೇಕಾಗಿತ್ತು. ಆಮೇಲೆ ಬಂದದ್ದು ಕ್ರಿಕೆಟ್ಟಿನ ಜೊತೆಗೆ ನಡುಮನೆಗೇ ಬಂತು.

2020ರಲ್ಲಿ ಐಪಿಎಲ್ ಪಂದ್ಯಾವಳಿಯ ಹೆಸರಿಗೇ ಹಣ ಕಟ್ಟಿ ಆಡುವ ಡ್ರೀಮ್ ಇಲೆವೆನ್ ಆ್ಯಪ್‌ನ ಹೆಸರು ಅಂಟಿಕೊಂಡಿತು. 2023ರಲ್ಲಿ ಅದು ಭಾರತ ತಂಡದ ಅಂಗಿಯ ಎದೆಯನ್ನೇರಿತು. ಅದು ಕೌಶಲ್ಯದ ಆಟ, ಜೂಜಲ್ಲ ಎಂದು ನ್ಯಾಯಾಲಯಗಳು ಹೇಳಿದ್ದವು. ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರಲ್ಲಿ ಉಚ್ಚ ನ್ಯಾಯಾಲಯ ಅಸಿಂಧುಗೊಳಿಸಿದ್ದೂ ಈ ವಾದದ ಬಲದಿಂದಲೇ. ಕಾನೂನಿನ ಆ ಸೂಕ್ಷ್ಮ ವಕೀಲರಿಗಿರಲಿ. ಹತ್ತಾರು ರೂಪಾಯಿ ಕಟ್ಟಿ ಕೋಟಿ ಗೆಲ್ಲುವ ಕನಸಿನ ಲೆಕ್ಕ ತಿಳಿಯಬೇಕಾದರೆ ಸಂಭವನೀಯತೆಯ ಪಾಠ ಬೇಕು. ಅದು ಪ್ರೌಢಶಾಲೆಯ ಪಾಠ. ಜಾಹೀರಾತು ಮಾತ್ರ ಪ್ರಾಥಮಿಕ ಶಾಲೆಯ ಮಗುವನ್ನೂ ತಲುಪುತ್ತದೆ.

ನಿಯಮಗಳು ಇರಲಿಲ್ಲವೆಂದಲ್ಲ. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಮಾನಕ ಪರಿಷತ್ತು 2020ರ ಡಿಸೆಂಬರಿನಲ್ಲಿ ಕೆಲವು ಕಟ್ಟಳೆಗಳನ್ನು ತಂದಿತು. 18 ವರ್ಷದೊಳಗಿನವರು ಇಂಥ ಆಟ ಆಡುವಂತೆ ಜಾಹೀರಾತಿನಲ್ಲಿ ತೋರಿಸಬಾರದು. ಹಣ ಹೋಗಬಹುದು, ಚಟ ಹತ್ತಬಹುದು ಎಂಬ ಎಚ್ಚರಿಕೆಯನ್ನು ಸಹಜ ವೇಗದಲ್ಲಿ ಹೇಳಬೇಕು. ಆ ಎಚ್ಚರಿಕೆಯನ್ನು ಎಷ್ಟೋ ಜಾಹೀರಾತುಗಳು ಗಾಳಿಗೆ ಸಿಕ್ಕ ಕಾಗದದಂತೆ ಹಾರಿಸಿಬಿಟ್ಟದ್ದನ್ನು ನೀವೂ ಕೇಳಿದ್ದೀರಿ. ನನ್ನ ಆಕ್ಷೇಪ ಅದಕ್ಕಿಂತ ಮೂಲಭೂತವಾದದ್ದು. ಜಾಹೀರಾತಿನ ಒಳಗೆ ಮಗು ಇರಬಾರದೆಂದು ಬರೆದವರು, ಜಾಹೀರಾತಿನ ಎದುರಿಗೆ ಮಗು ಕುಳಿತಿರುವುದನ್ನು ಏಕೆ ಕಾಣಲಿಲ್ಲ?

ಈ ಕುರುಡು ನಮ್ಮವರಿಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಅಳತೆಯ ಫುಟ್‌ಬಾಲ್ ಅಂಗಿಗಳ ಮೇಲೆ ಜೂಜಿನ ಕಂಪನಿಯ ಹೆಸರು ಇರಕೂಡದು. ಆದರೆ ಮಗು ಕಣ್ಣು ಕೀಳದೆ ನೋಡುವ ಆಟಗಾರರ ಅಂಗಿಗಳ ಮೇಲೆ ಅದು ರಾರಾಜಿಸಿತು! ಪ್ರೀಮಿಯರ್ ಲೀಗಿನ ಕ್ಲಬ್ಬುಗಳು 2025-26ರ ಋತುವಿನ ಕೊನೆಗೆ ಎದೆಯ ಮೇಲಿನ ಹೆಸರನ್ನು ತೆಗೆಯುವುದಾಗಿ 2023ರಲ್ಲಿ ಒಪ್ಪಿದವು. ತೋಳಿನ ಮೇಲಿನದಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲವಂತೆ.

ಮಕ್ಕಳನ್ನು ನೋಡಿಕೊಳ್ಳುವುದು ತಂದೆತಾಯಿಯರ ಕರ್ತವ್ಯ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಒಪ್ಪಿದೆ. ಆದರೆ ಓವರಿಗೊಮ್ಮೆ ಮಗುವಿನ ಕಣ್ಣು ಮುಚ್ಚಲು ಯಾವ ತಾಯಿಗೆ ಸಾಧ್ಯ?

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಜಾಹೀರಾತಿಗೆ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ. ಭಾರತ ತಂಡದ ಅಂಗಿಯಿಂದ ಆ ಹೆಸರು ಅದೇ ತಿಂಗಳು ಇಳಿಯಿತು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮದ್ಯದ ಕಂಪನಿಗಳು ಸೋಡಾದ ಹೆಸರಿನಲ್ಲಿ ಪರದೆಗೆ ಮರಳಿದ್ದನ್ನು ಕಂಡ ನಾವು ಇಷ್ಟಕ್ಕೇ ಮೈಮರೆಯಬಾರದು. ವಿದೇಶದ ಬೆಟ್ಟಿಂಗ್ ತಾಣಗಳು ಸುದ್ದಿತಾಣಗಳ ವೇಷದಲ್ಲಿ ಜಾಹೀರಾತು ನೀಡುತ್ತಿವೆಯೆಂದು ಕೇಂದ್ರದ ಪ್ರಸಾರ ಸಚಿವಾಲಯವೇ 2022ರಲ್ಲಿ ಎಚ್ಚರಿಸಿತ್ತು. ಆದುದರಿಂದ ಹೊಣೆ ವೇಷ ತೊಟ್ಟವನದು ಮಾತ್ರವಲ್ಲ. ಹಣ ಪಡೆದು ಅದನ್ನು ತೋರಿಸಿದ ವಾಹಿನಿಯದು, ಅದಕ್ಕೆ ಮುಖ ಕೊಟ್ಟ ತಾರೆಯದು ಕೂಡ. ದಂಡದ ಚೀಟಿ ಅವರ ವಿಳಾಸಕ್ಕೂ ಹೋಗಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಜಾಹೀರಾತು ಸಂಸ್ಥೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ಉನ್ನತ ಹುದ್ದೆಯಲ್ಲಿದ್ದೀರಿ. ಇಂಥ ಜಾಹೀರಾತು ನಿಮ್ಮ ಮೇಜಿಗೆ ಬಂದಾಗ ಏನು ಮಾಡುತ್ತೀರಿ ಎಂಬುದನ್ನು ತಿಳಿಯುವ ಕುತೂಹಲ ನನಗಿದೆ. ದಯವಿಟ್ಟು ಬರೆಯಿರಿ.