ದೆವ್ವ ಬೇಟೆಯ ಆಟ: ಹೆದರುವ ಮೊದಲು ವಿಚಾರಿಸಿ

ರಾತ್ರಿ ಹತ್ತೂವರೆ. ಊಟ ಮುಗಿಸಿ ಮನೆಯವರೆಲ್ಲ ಹಾಸಿಗೆ ಹಾಸುವ ಹೊತ್ತು. ಒಳಕೋಣೆಯಿಂದ ಕಾಲೇಜಿಗೆ ಹೋಗುವ ಹುಡುಗನ ದನಿ ಕೇಳುತ್ತದೆ: 'ಬಾವ್ಯಾಗ ಟಾರ್ಚ್ ಬಿಡ್ತೀನಿ. ಕೆಳಗ ಏನ ಕಾಣತೈತಿ?' ತಾಯಿ ಗಾಬರಿಯಿಂದ ಬಾಗಿಲು ತಳ್ಳಿ ನೋಡಿದರೆ ಕಿವಿಗೆ ಹೆಡ್‌ಫೋನ್, ಮುಂದೆ ಲ್ಯಾಪ್‌ಟಾಪ್. ಬಾವಿಯೂ ಇಲ್ಲ, ಟಾರ್ಚೂ ಇಲ್ಲ.

'ಯಾರ ಜೋಡಿ ಮಾತಾಡಾಕತ್ತೀಯೋ?'

'ಆಟ ಆಡಾಕತ್ತೀನಿ ಯವ್ವಾ.'

'ರೊಕ್ಕದ ಆಟ ಏನು?'

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಯಾವ ಮನೆಯಲ್ಲಾದರೂ ನಡೆಯಬಹುದಾದ ಮಾತಿದು. ತಾಯಿಯ ಕೊನೆಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮೊಬೈಲ್‌ನಲ್ಲಿ ರಮ್ಮಿ ಆಡಿ ಸಾಲಕ್ಕೆ ಬಿದ್ದವರ ಸುದ್ದಿಯನ್ನು ವರ್ಷಗಟ್ಟಲೆ ಕೇಳಿದವರು ಬೇರೇನು ಕೇಳಿಯಾರು? 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಆದರೆ ಅದೇ ಕಾಯ್ದೆ ಹಣ ಪಣಕ್ಕಿಡದ ಆಟಗಳನ್ನು ಬೇರೆ ಸಾಲಿನಲ್ಲಿ ಇಟ್ಟಿದೆ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಕಾನೂನು ಮಾಡಿದ ಈ ಭೇದವನ್ನು ಮನೆಗಳಲ್ಲಿಯೂ ಮಾಡಬೇಕಾಗಿದೆ. ಇಲ್ಲದಿದ್ದರೆ ಜೂಜಿಗೆ ಹಿಡಿದ ಬಡಿಗೆಯಿಂದಲೇ ಕಥೆ ಹೇಳುವ ಹುಡುಗನಿಗೂ ಏಟು ಬೀಳುತ್ತದೆ.

ಎರಡು ದಾಳ, ಮೂರು ಫಲ

ಹುಡುಗ ಆಡುತ್ತಿರುವುದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಸರಳವಾಗಿ ಹೇಳಬೇಕೆಂದರೆ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ನಡೆಸುವ ಆಟ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರಾಗನ್ಸ್' ಪ್ರಕಟವಾದಂದಿನಿಂದ ಈ ಬಗೆಯ ಆಟ ಬೆಳೆಯುತ್ತ ಬಂದಿದೆ. 2012ರಲ್ಲಿ ರೋಲ್20, 2015ರಲ್ಲಿ ಡಿಸ್ಕಾರ್ಡ್ ಬಂದ ಮೇಲೆ ಮೇಜು ಬೇಡವಾಯಿತು. ಒಬ್ಬ ಪುಣೆಯಲ್ಲಿ, ಒಬ್ಬ ದುಬೈಯಲ್ಲಿ, ಇನ್ನೊಬ್ಬ ಜತ್ತದಲ್ಲಿ ಕೂತು ಒಂದೇ ಕಥೆ ಆಡಬಹುದು.

ಸಣ್ಣ ಊರಿನ ದೆವ್ವ ಬೇಟೆಗಾರರ ಆಟಗಳಲ್ಲಿ ಹೆಸರಾದದ್ದು ನ್ಯೂಜಿಲೆಂಡ್‌ನ ಮೈಕೆಲ್ ಸ್ಯಾಂಡ್ಸ್ ಬರೆದ 'ಮಾನ್‌ಸ್ಟರ್ ಆಫ್ ದಿ ವೀಕ್'. ಅಂದರೆ ವಾರಕ್ಕೊಂದು ರಾಕ್ಷಸ. ಇದರ ಪರಿಷ್ಕೃತ ಆವೃತ್ತಿ ಬಂದದ್ದು 2015ರಲ್ಲಿ. ಕಥೆ ನಡೆಸುವವನಿಗೆ ಕೀಪರ್ ಎನ್ನುತ್ತಾರೆ. ಉಳಿದ ಮೂರ್ನಾಲ್ಕು ಜನ ಬೇಟೆಗಾರರು. ಒಬ್ಬ ಹಳೆ ಪುಸ್ತಕ ಓದಿ ತಿಳಿದವನು, ಒಬ್ಬಳು ದೆವ್ವದ ಕೈಯಲ್ಲಿ ತನ್ನವರನ್ನು ಕಳೆದುಕೊಂಡವಳು, ಮತ್ತೊಬ್ಬ ಯಾವ ಶಕ್ತಿಯೂ ಇಲ್ಲದ ಸಾದಾ ಮನುಷ್ಯ. ಈ ಸಾದಾ ಮನುಷ್ಯನ ಪಾತ್ರಕ್ಕೂ ಆಟದಲ್ಲಿ ಉಳಿದವರಷ್ಟೇ ಬೆಲೆ ಉಂಟು.

ಆಟಕ್ಕೆ ಬೇಕಾದದ್ದು ಎರಡು ದಾಳ. ಲೂಡೋ ಡಬ್ಬಿಯ ದಾಳ ಆದರೂ ನಡೆದೀತು. ಬೇಟೆಗಾರ ಅಪಾಯದ ಕೆಲಸಕ್ಕೆ ಕೈ ಹಾಕಿದಾಗ ದಾಳ ಉರುಳಿಸಿ ತನ್ನ ಗುಣದ ಅಂಕ ಕೂಡಿಸಬೇಕು. ಮೊತ್ತ 10 ಅಥವಾ ಹೆಚ್ಚಾದರೆ ಕೆಲಸ ಗೆದ್ದಿತು. 7ರಿಂದ 9 ಬಂದರೆ ಕೆಲಸ ಆಗುತ್ತದೆ, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಮುಂದಿನದು ಕೀಪರ್ ಕೈಯಲ್ಲಿ.

ಲೆಕ್ಕ ಗೊತ್ತಿದ್ದವರು ತಾಳೆ ನೋಡಬಹುದು. ಎರಡು ದಾಳ ಬೀಳುವ ರೀತಿ 36. ಏನೂ ಕೂಡಿಸದೆ ಆಡಿದರೆ ಪೂರ್ತಿ ಗೆಲ್ಲುವುದು 6 ಸಲ, ಅರ್ಧ ಗೆಲ್ಲುವುದು 15 ಸಲ, ಸೋಲುವುದು 15 ಸಲ. ಅಂಕ 2 ಇದ್ದವನಿಗೆ ಪೂರ್ತಿ ಗೆಲುವು 15, ಅರ್ಧ ಗೆಲುವು 15, ಸೋಲು 6. ಜಾಣನೂ ಆರರಲ್ಲಿ ಒಂದು ಸಲ ಸೋತೇ ಸೋಲುತ್ತಾನೆ. ಆದರೆ ಸೋತವನ ಖಾತೆಗೆ ಅನುಭವದ ಒಂದು ಗೆರೆ ಜಮಾ ಆಗುತ್ತದೆ. ಐದು ಗೆರೆ ಕೂಡಿದರೆ ಪಾತ್ರ ಒಂದು ಮೆಟ್ಟಿಲು ಮೇಲೇರುತ್ತದೆ. ರಮ್ಮಿಯಲ್ಲಿ ಸೋತವನ ಜೇಬು ಖಾಲಿಯಾದರೆ ಇಲ್ಲಿ ಸೋತವನು ಕಲಿಯುತ್ತಾನೆ.

ಮೊದಲು ಕೇಳಬೇಕು

ದೆವ್ವ ಬೇಟೆ ಎಂದ ಕೂಡಲೇ ಬಂದೂಕು, ಕತ್ತಿ, ರಕ್ತ ಎಂದು ತಿಳಿಯುವುದು ಸಹಜ. ಆದರೆ ಈ ಆಟದಲ್ಲಿ ದೆವ್ವದ ಎದುರು ಸುಮ್ಮನೆ ನುಗ್ಗಿದರೆ ಕೆಲಸ ಕೆಡುತ್ತದೆ. ಪ್ರತಿ ರಾಕ್ಷಸನಿಗೂ ಒಂದು ದುರ್ಬಲ ಜಾಗ ಇರುತ್ತದೆ. ಅದು ತಿಳಿಯದೆ ಎಷ್ಟು ಹೊಡೆದರೂ ಅದು ಸಾಯುವುದಿಲ್ಲ. ತಿಳಿಯಬೇಕೆಂದರೆ ವಿಚಾರಿಸಬೇಕು. ಅದಕ್ಕಾಗಿಯೇ ಆಟದಲ್ಲಿ ಒಂದು ಪಟ್ಟು ಇದೆ. ಇಲ್ಲಿ ಏನು ನಡೆಯಿತು? ಇದು ಎಂಥ ಪ್ರಾಣಿ? ಎಲ್ಲಿಗೆ ಹೋಯಿತು? ಇಲ್ಲಿ ಏನನ್ನು ಮುಚ್ಚಿಡಲಾಗಿದೆ? ದಾಳ ಚೆನ್ನಾಗಿ ಬಿದ್ದರೆ ಇಂಥ ಎರಡು ಪ್ರಶ್ನೆ, ಸುಮಾರಾಗಿ ಬಿದ್ದರೆ ಒಂದು.

ಇನ್ನೊಂದು ಕಡೆ ಕೀಪರ್ ಬಳಿ ಆರು ಹಂತದ ಒಂದು ಪಟ್ಟಿ ಇರುತ್ತದೆ. ಹಗಲಿನಿಂದ ನಡುರಾತ್ರಿಯವರೆಗೆ, ಬೇಟೆಗಾರರು ಏನೂ ಮಾಡದೆ ಸುಮ್ಮನೆ ಕೂತರೆ ಊರಿಗೆ ಏನೇನು ಕೇಡಾಗುತ್ತದೆ ಎಂಬ ಪಟ್ಟಿ ಅದು. ಅಂದರೆ ವಿಚಾರಿಸಬೇಕು, ಆದರೆ ವಿಚಾರಿಸುತ್ತಲೇ ಕೂಡುವಂತಿಲ್ಲ.

ಇಂಥ ಕಥೆಗಳ ಬೇರು ಅಮೆರಿಕದ ಸಣ್ಣ ಊರುಗಳಲ್ಲೇ ಇದೆ. ವೆಸ್ಟ್ ವರ್ಜೀನಿಯಾ ರಾಜ್ಯದ ಪಾಯಿಂಟ್ ಪ್ಲೆಸೆಂಟ್ ಎಂಬ ಊರನ್ನೇ ನೋಡಿ. 1966ರ ನವೆಂಬರ್‌ನಲ್ಲಿ ಅಲ್ಲಿ ಕೆಂಪು ಕಣ್ಣಿನ, ರೆಕ್ಕೆಯ ಮನುಷ್ಯನನ್ನು ಕಂಡೆವು ಎಂದು ಕೆಲವರು ಹೇಳಿದರು. ಪತ್ರಿಕೆಗಳು ಅದಕ್ಕೆ ಮಾತ್‌ಮ್ಯಾನ್ ಎಂದು ಹೆಸರಿಟ್ಟವು. 1967ರ ಡಿಸೆಂಬರ್ 15ರ ಸಂಜೆ ಓಹಿಯೋ ನದಿಯ ಮೇಲಿನ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ಇದು ಆ ರೆಕ್ಕೆಯವನ ಶಾಪ ಎಂಬ ಮಾತು ಹುಟ್ಟಿ, ಇಂದಿಗೂ ಉಳಿದಿದೆ.

ಆದರೆ ತನಿಖೆ ಮಾಡಿದವರು 'ಇಲ್ಲಿ ಏನು ನಡೆಯಿತು?' ಎಂದು ಕೇಳಿದರು. ಉತ್ತರ ಸಿಕ್ಕಿತು. 1928ರಲ್ಲಿ ಕಟ್ಟಿದ ಆ ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಸರಪಳಿಯ ಒಂದೇ ಒಂದು ಪಟ್ಟಿಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಸಣ್ಣದೊಂದು ಬಿರುಕು ಬಿಟ್ಟಿತ್ತು. ಆ ದುರಂತದ ನಂತರ ಅಮೆರಿಕದಾದ್ಯಂತ ಸೇತುವೆಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವ ನಿಯಮ ಬಂದಿತು. ದೆವ್ವದ ಮೇಲೆ ಹಾಕಿ ಸುಮ್ಮನಾಗಿದ್ದರೆ ಇನ್ನೆಷ್ಟು ಸೇತುವೆ ಬೀಳುತ್ತಿದ್ದವೋ. ಊರಿನವರು ಮಾತ್‌ಮ್ಯಾನ್‌ನನ್ನೂ ಬಿಡಲಿಲ್ಲ. 2003ರಲ್ಲಿ ಅದಕ್ಕೊಂದು ಮೂರ್ತಿ ನಿಲ್ಲಿಸಿದರು, ಅದರ ಹೆಸರಿನಲ್ಲಿ ಜಾತ್ರೆಯನ್ನೂ ಮಾಡುತ್ತಾರೆ. ಕಥೆಯನ್ನು ಕಥೆ ಎಂದು ತಿಳಿದು ಇಟ್ಟುಕೊಂಡರೆ ಅದರಿಂದ ಯಾರಿಗೂ ನಷ್ಟವಿಲ್ಲ.

ಅದೇ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಮೂಲದ ಮೆಕ್‌ಎಲ್‌ರಾಯ್ ಸಹೋದರರು ತಮ್ಮ ತಂದೆಯ ಜೊತೆ ಕೂತು ಸ್ಯಾಂಡ್ಸ್ ಅವರ ಈ ಆಟವನ್ನು 'ದಿ ಅಡ್ವೆಂಚರ್ ಜೋನ್: ಅಮ್ನೆಸ್ಟಿ' ಎಂಬ ಧ್ವನಿ ಸರಣಿಯಲ್ಲಿ ಆಡಿದರು. ಕಥೆ ನಡೆಯುವುದು ಅವರದೇ ರಾಜ್ಯದ ಕಾಡಿನ ನಡುವೆ ಅವರು ಕಲ್ಪಿಸಿದ ಕೆಪ್ಲರ್ ಎಂಬ ಸಣ್ಣ ಊರಿನಲ್ಲಿ. ನ್ಯೂಯಾರ್ಕ್ ಬೇಕಾಗಲಿಲ್ಲ, ತಮ್ಮ ಸೀಮೆಯೇ ಸಾಕಾಯಿತು.

ಆಟದ ಮೇಲೆ ಹೊರಿಸಿದ ಅಪವಾದ

ವಿಚಾರಿಸದೆ ಹೆದರಿದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಸಾಕ್ಷಿ. 1979ರ ಆಗಸ್ಟ್‌ನಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಅವನು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದ. ಅಷ್ಟೇ ಸಾಕಾಯಿತು. ನೆಲದಡಿಯ ಸುರಂಗದಲ್ಲಿ ಆಟ ಆಡಲು ಹೋಗಿ ಕಳೆದುಹೋಗಿದ್ದಾನೆ ಎಂದು ಪತ್ರಿಕೆಗಳು ಬರೆದವು. ಸುಮಾರು ಒಂದು ತಿಂಗಳ ನಂತರ ಅವನು ಬೇರೆ ರಾಜ್ಯದಲ್ಲಿ ಸಿಕ್ಕ. ಮರುವರ್ಷ ಜೀವ ಕಳೆದುಕೊಂಡ. ಅವನನ್ನು ಹುಡುಕಿದ ಖಾಸಗಿ ಪತ್ತೇದಾರ 1984ರಲ್ಲಿ ಪುಸ್ತಕ ಬರೆದು, ಹುಡುಗನನ್ನು ಕಾಡುತ್ತಿದ್ದದ್ದು ಓದಿನ ಒತ್ತಡ, ಒಂಟಿತನ, ಮನಸ್ಸಿನ ನೋವು ಎಂದು ತಿಳಿಸಿದ. ಆ ಹೊತ್ತಿಗೆ ಆಟವೇ ಮಕ್ಕಳನ್ನು ಕೊಲ್ಲುತ್ತದೆ ಎಂಬ ಭಯ ದೇಶ ತುಂಬ ಹಬ್ಬಿತ್ತು. 1983ರಲ್ಲಿ ಅದರ ವಿರುದ್ಧ ಸಂಘವೂ ಹುಟ್ಟಿತ್ತು.

ಎಲ್ಲರೂ ಸುರಂಗದಲ್ಲಿ ದೆವ್ವ ಹುಡುಕಿದರು. ಹುಡುಗನ ಮನಸ್ಸಿನಲ್ಲಿ ಏನಿದೆ ಎಂದು ವೇಳೆ ಇದ್ದಾಗ ಕೇಳಿದವರು ಕಡಿಮೆ. ಗಡಿ ಭಾಗದ ಪಾಲಕರು ಈ ಹಳೆ ಪ್ರಕರಣದಿಂದ ತಿಳಿಯಬೇಕಾದದ್ದು ಇಷ್ಟೇ. ಮಗ ರಾತ್ರಿ ಯಾರೊಂದಿಗೋ ಮಾತಾಡುತ್ತಿದ್ದರೆ ಲ್ಯಾಪ್‌ಟಾಪ್ ಕಸಿಯುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು ಕೇಳಲಿ.

ಕೂಡುವವರೂ ಕೇಳಲಿ

ಹಾಗೆಂದು ಎಲ್ಲ ಗುಂಪೂ ಒಳ್ಳೆಯದೇ ಎನ್ನಲಾಗದು. ಆನ್‌ಲೈನ್‌ನಲ್ಲಿ ಮುಖ ಕಾಣದ ಜನ. ಕಥೆಯೋ ಹೆದರಿಸುವಂಥದ್ದು. ಆದ್ದರಿಂದ ಹೊಸದಾಗಿ ಸೇರುವವರು ನಾಲ್ಕು ಮಾತು ಮೊದಲೇ ಕೇಳಿಕೊಳ್ಳಬೇಕು.

ಒಂದು, ಹೊತ್ತು. ಒಂದು ಕೂಟ ಮೂರು ತಾಸು ಹಿಡಿದೀತು. ಲಂಡನ್‌ನವರು ರಾತ್ರಿ ಎಂಟಕ್ಕೆ ಕೂತರೆ ಇಲ್ಲಿ ನಡುರಾತ್ರಿ ದಾಟಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಬೆಳಿಗ್ಗೆ ಕಾಲೇಜು ಇದ್ದವನಿಗೆ ಇದು ಆಗುವ ಮಾತಲ್ಲ.

ಎರಡು, ರೊಕ್ಕ. ಕೀಪರ್ ಬಳಿ ನಿಯಮದ ಪುಸ್ತಕ ಒಂದಿದ್ದರೆ ಆಟ ನಡೆಯುತ್ತದೆ. ಶುಲ್ಕ ಪಡೆದು ಆಟ ನಡೆಸುವ ಕೀಪರ್‌ಗಳೂ ಇದ್ದಾರೆ, ಅದು ಟ್ಯೂಶನ್ ಫೀ ಇದ್ದ ಹಾಗೆ. ಆದರೆ ಗೆದ್ದರೆ ಹಣ, ಸೋತರೆ ಹಣ ಎಂದು ಯಾರಾದರೂ ಹೇಳಿದರೆ ಅದು ಈ ಆಟವೇ ಅಲ್ಲ. ಅಲ್ಲಿಂದ ಎದ್ದು ಬರಬೇಕು.

ಮೂರು, ಮಿತಿ. ಒಳ್ಳೆಯ ಗುಂಪುಗಳು ಕಥೆ ಶುರು ಮಾಡುವ ಮೊದಲು ಒಂದು ದಿನ ಬರೀ ಮಾತಿಗೆ ಕೂಡುತ್ತವೆ. ಯಾವ ವಿಷಯ ಕಥೆಯಲ್ಲಿ ಬರಬಾರದು ಎಂದು ಪ್ರತಿಯೊಬ್ಬರನ್ನೂ ಕೇಳುತ್ತವೆ. ಮಕ್ಕಳಿಗೆ ಹಿಂಸೆ ಬೇಡ, ಆತ್ಮಹತ್ಯೆ ಬೇಡ ಎಂದು ಒಬ್ಬರು ಹೇಳಿದರೂ ಅದು ಎಲ್ಲರಿಗೂ ಅನ್ವಯ. ಜಾನ್ ಸ್ಟಾವ್ರೊಪೊಲಸ್ ರೂಪಿಸಿದ ಎಕ್ಸ್ ಕಾರ್ಡ್ ಎಂಬ ಪದ್ಧತಿಯೂ ಇದೆ. ಆಟದ ನಡುವೆ ಯಾರಿಗಾದರೂ ತಡೆಯಲಾಗದಿದ್ದರೆ ಎಕ್ಸ್ ಬರೆದ ಕಾರ್ಡ್ ಮುಟ್ಟಿದರೆ ಸಾಕು, ಆನ್‌ಲೈನ್‌ನಲ್ಲಿ ಎಕ್ಸ್ ಎಂದು ಟೈಪ್ ಮಾಡಿದರೆ ಸಾಕು. ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಯಾಕೆ ಎಂದು ಕೇಳುವಂತಿಲ್ಲ. ಇದನ್ನು ನಗೆಪಾಟಲು ಮಾಡುವ ಗುಂಪಿಗೆ, ವಿಶೇಷವಾಗಿ ಹೆಣ್ಣುಮಕ್ಕಳು, ಸೇರದಿರುವುದೇ ಲೇಸು.

ನಾಲ್ಕನೆಯದು ತನ್ನನ್ನೇ ಕೇಳಿಕೊಳ್ಳಬೇಕಾದದ್ದು: ವಾರ ವಾರ ಬರುತ್ತೀನಾ? ಈ ಆಟದಲ್ಲಿ ಹೊಸ ಬೇಟೆಗಾರ ಒಬ್ಬಂಟಿಯಾಗಿ ಬರುವುದಿಲ್ಲ. ಉಳಿದ ಪ್ರತಿಯೊಬ್ಬರ ಜೊತೆಗೂ ತನಗೆ ಏನು ಸಂಬಂಧ ಎಂದು ಮೊದಲೇ ಹೇಳಬೇಕು. ಇವಳು ಚಿಕ್ಕಮ್ಮನ ಮಗಳು, ಅವನು ಒಂದು ಸಲ ಜೀವ ಉಳಿಸಿದವನು, ಹೀಗೆ. ಅಷ್ಟು ಹೇಳಿ ಎರಡು ವಾರ ಬಂದು ಮೂರನೆಯ ವಾರ ಫೋನ್ ಬಂದ್ ಮಾಡಿದರೆ ನಾಲ್ಕು ಜನರ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಬರಲು ಆಗದಿದ್ದರೆ ಒಂದು ದಿನ ಮೊದಲು ತಿಳಿಸುವುದು ದೊಡ್ಡ ಕೆಲಸವೇನಲ್ಲ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕೆಂಬುದು ಆಟದಲ್ಲಿಯೂ ಖರೆ.

ಭಾಷೆ ಯಾವುದು?

ಪುಸ್ತಕ ಇಂಗ್ಲಿಷಿನಲ್ಲಿದೆ, ಗುಂಪುಗಳಲ್ಲಿ ಬಹುಪಾಲು ಇಂಗ್ಲಿಷ್ ಮಾತು. ಹೀಗಾಗಿ ಕನ್ನಡ ಶಾಲೆಯಲ್ಲೋ ಮರಾಠಿ ಶಾಲೆಯಲ್ಲೋ ಕಲಿತ ಹುಡುಗರು 'ಇದು ನಮ್ಮಂಥವರಿಗಲ್ಲ' ಎಂದು ಹಿಂಜರಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ನಿಯಮ ಒಬ್ಬರಿಗೆ ಗೊತ್ತಿದ್ದರೆ ಸಾಕು, ಆಟವೆಲ್ಲ ಬಾಯಿಮಾತಿನದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುವ ಸೊಲ್ಲಾಪುರದ ನಾಲ್ಕು ಗೆಳೆಯರು ಎರಡನ್ನೂ ಕಲೆಸಿ ಆಡಿದರೆ ಬೇಡ ಎನ್ನುವವರು ಯಾರು?

ಅಷ್ಟಕ್ಕೂ ಕನ್ನಡದವರಿಗೆ ಇದು ತೀರ ಹೊಸದಲ್ಲ. ಇನ್ನೊಂದು ಗಡಿಯ ಕಾಸರಗೋಡಿನಲ್ಲಿ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೂತು ಪಾತ್ರವಾಗಿ ಮಾತಾಡುತ್ತಾರೆ. ಮಾತು ಅಲ್ಲೇ ಹುಟ್ಟಬೇಕು, ಎದುರಿನವನ ಮಾತಿಗೆ ತಕ್ಕಂತೆ ತಿರುಗಬೇಕು. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಕೀಪರ್‌ಗೂ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ.

ಕಥೆಯ ಊರೂ ಅಮೆರಿಕದ್ದೇ ಆಗಬೇಕೆಂಬ ನಿಯಮವಿಲ್ಲ. ಪಾಳುಬಿದ್ದ ವಾಡೆ, ಹುಣಸೆ ಮರ, ನೀರಿಲ್ಲದ ಬಾವಿ, ರಾತ್ರಿಯ ಕೊನೆಯ ಬಸ್ ತಪ್ಪಿದ ಪ್ರಯಾಣಿಕ, ಇವೆಲ್ಲ ಗಡಿ ಭಾಗದ ಅಜ್ಜಿಯರ ಕಥೆಗಳಲ್ಲಿ ತುಂಬಿವೆ. ಆ ಬಾವಿಯಲ್ಲಿ ಏನಿದೆ ಎಂದು ಅಜ್ಜಿ ಹೇಳಿದ್ದನ್ನು ಹೆದರಿ ಕೇಳಿದವರೇ ಎಲ್ಲರೂ. ಈ ಆಟದಲ್ಲಿ ಮೊಮ್ಮಗ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾನೆ.

ತಾಯಿಗೆ ಮಗ ಕೊಡಬೇಕಾದ ಉತ್ತರವೂ ಇದೇ. 'ರೊಕ್ಕದ್ದಲ್ಲ ಯವ್ವಾ, ಬಾ, ಕೂಡು, ಕೇಳು' ಎಂದು ಒಂದು ಕುರ್ಚಿ ಎಳೆದು ಕೊಡಲಿ. ಕೇಳಿದ ಮೇಲೂ ಅವಳಿಗೆ ಬೇಡ ಅನ್ನಿಸಿದರೆ ಆ ಮಾತಿಗೆ ತೂಕ ಇರುತ್ತದೆ. ಕೇಳದೆ ಬೇಡ ಅಂದರೆ ಹುಡುಗ ಬಾಗಿಲಿಗೆ ಚಿಲಕ ಹಾಕಿಕೊಂಡು ಆಡುತ್ತಾನೆ, ಒಳಗೆ ಯಾರ ಜೋಡಿ ಆಡುತ್ತಾನೆ ಎಂಬುದು ಮನೆಯವರಿಗೆ ಗೊತ್ತಾಗುವುದೇ ಇಲ್ಲ.